ಬಲಗಾಲಿನ ಫೋಟೊ

ಬಸವಣ್ಣೆಮ್ಮನ ಪಾದಗಳಿಗೆ ಏನು ಮುಟ್ಟಿದರೂ ತಿಳಿಯುವುದಿಲ್ಲ ಎಂಬುದು ಮನೆಯವರಿಗೆ ಗೊತ್ತಾದದ್ದು ಮೀನಿನ ಗಾಳದ ದಾರದಂಥ ಒಂದು ಎಳೆಯಿಂದ. ಚೆನ್ನೈಯ ಕೀಲ್ಪಾಕಿನ ಡಾಕ್ಟರು ಆಕೆಯ ಕಣ್ಣು ಮುಚ್ಚಿಸಿ, ಎಳೆಯ ತುದಿಯನ್ನು ಅಂಗಾಲಿನ ಅಲ್ಲಲ್ಲಿ ಒತ್ತುತ್ತೇನೆ, ಮುಟ್ಟಿದ್ದು ತಿಳಿದಾಗಲೆಲ್ಲ ‘ಹ್ಞೂಂ’ ಅನ್ನಬೇಕು ಎಂದರು. ಬಸವಣ್ಣೆಮ್ಮ ಬಹಳ ಹೊತ್ತು ಕಣ್ಣು ಮುಚ್ಚಿ ಕೂತಿದ್ದು, ಕೊನೆಗೆ ಸೊಸೆಯನ್ನು ಕೇಳಿದಳು: “ಯಾವಾಗ ಸುರು ಮಾಡ್ತಾರವಾ?”

ಡಾಕ್ಟರು ಆಗಲೇ ಎರಡೂ ಕಾಲು ಮುಗಿಸಿ ಎಳೆಯನ್ನು ಡಬ್ಬಿಗೆ ಹಾಕಿಯಾಗಿತ್ತು.

ಸಕ್ಕರೆ ಕಾಯಿಲೆ ಹಳೆಯದು, ಈ ಜೋಮು ಹೊಸದು. ಡಾಕ್ಟರ ಮಾತು ನೇರವಾಗಿತ್ತು. ಈ ಪಾದಕ್ಕೆ ಗಾಯವಾದರೆ ಪಾದ ತಾನಾಗಿ ಹೇಳುವುದಿಲ್ಲ. ಆದ್ದರಿಂದ ಮನೆಯೊಳಗೂ ಚಪ್ಪಲಿ ಬಿಡಬಾರದು, ದಿನಾ ಅಂಗಾಲು ನೋಡಬೇಕು. ತಪ್ಪಿದರೆ ಮೊದಲು ಬೆರಳು ಹೋಗುತ್ತದೆ, ಆಮೇಲೆ ಪಾದ.

ಇದನ್ನು ಸೊಸೆ ದಾಕ್ಷಾಯಿಣಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಕೆಗೆ ಸಂಬಳ ಬರುತ್ತಿದ್ದದ್ದೇ ಇದಕ್ಕೆ. ಮನಶ್ಶಾಸ್ತ್ರಜ್ಞೆಯಾದ ಆಕೆ ಕೀಲ್ಪಾಕಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ, ಪಾದಕ್ಕೆ ಜೋಮು ಹಿಡಿದವರಿಗೆ ಫೋನಿನ ಮೂಲಕ ಒಳ್ಳೆಯ ಅಭ್ಯಾಸ ಅಂಟಿಸುವುದು ಹೇಗೆ ಎಂದು ಅಧ್ಯಯನ ಮಾಡುತ್ತಿದ್ದಳು. ಅದಕ್ಕೆಂದೇ ‘ಹೆಜ್ಜೆ’ ಎಂಬ ಆ್ಯಪ್ ಮಾಡಿಸಿದ್ದಳು. ಅದು ಸಂಜೆಯಾದರೆ ನೆನಪಿಸುತ್ತದೆ, ಅಂಗಾಲಿನ ಫೋಟೊ ಕೇಳುತ್ತದೆ, ಕಳಿಸಿದರೆ ಹಸಿರು ನಕ್ಷತ್ರ ಕೊಟ್ಟು ಹೊಗಳುತ್ತದೆ. ಜತೆಗೆ ಆಗಾಗ ಸಂಸ್ಥೆಯವರು ಫೋನ್ ಮಾಡಿ ಮಾತಾಡುತ್ತಾರೆ. ಆ ಮಾತಿಗೊಂದು ಪದ್ಧತಿಯಿದೆ. ‘ಹೀಗೆ ಮಾಡಿ’ ಎನ್ನಬಾರದು. ಕೇಳಬೇಕು. ಅವರು ಹೇಳಿದ್ದನ್ನೇ ಅವರಿಗೆ ತಿರುಗಿ ಹೇಳಬೇಕು. ಬದಲಾಗುವ ಮನಸ್ಸು ಅವರ ಬಾಯಿಂದಲೇ ಹೊರಡುವ ತನಕ ಕಾಯಬೇಕು. ಹೊರಟ ಮೇಲೆ ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಬೇಕು.

ಅಣ್ಣಾ ನಗರದ ಅವರ ಫ್ಲ್ಯಾಟಿನಲ್ಲಿ ಚಪ್ಪಲಿ ಬಾಗಿಲ ಹೊರಗಿನ ಗೂಡನ್ನು ದಾಟಿ ಒಳಗೆ ಬಂದ ಚರಿತ್ರೆ ಇರಲಿಲ್ಲ. ಮಗ ಪ್ರಭುದೇವ ಬ್ಯಾಡಗಿ ಮೆಣಸಿನಕಾಯಿಯನ್ನು ಮಸಾಲೆ ಕಂಪನಿಗಳಿಗೆ ಕೊಡಿಸುವ ದಲಾಲಿ ವ್ಯಾಪಾರದವನು. ಯಾವ ತಕರಾರನ್ನೂ ಅರ್ಧರ್ಧ ಮಾಡಿ ಮುಗಿಸುವುದು ಅವನ ಕಸುಬು. ಅವನು ಅವ್ವನಿಗೆ ಮೆತ್ತನೆಯ ಅಟ್ಟೆಯ ಹೊಸ ಚಪ್ಪಲಿ ತಂದ.

“ಅವ್ವಾ, ಇದು ರಸ್ತಾ ಕಂಡಿದ್ದಲ್ಲ. ಅಂಗಡಿಯಿಂದ ಸೀದಾ ಮನಿಗೆ ಬಂದೈತಿ.”

“ರಸ್ತಾ ಕಾಣದಿದ್ರ ಅದೇನು ತುಳಸಿ ಎಲಿ ಆತೇನು? ಚಪ್ಪಲಿ ಚಪ್ಪಲಿನ.”

“ಡಾಕ್ಟರ ಹೇಳ್ಯಾರಲ್ಲ.”

“ಡಾಕ್ಟರ ಮನ್ಯಾಗ ದೇವರ ಕೋಣಿ ಇಲ್ಲಂತ ಕಾಣಸ್ತೈತಿ.”

ದಾಕ್ಷಾಯಿಣಿ ತನ್ನ ಪದ್ಧತಿಯಲ್ಲಿ ಕೂತಳು. ಅತ್ತೆ ಹೀರೆಕಾಯಿ ಸಿಪ್ಪೆ ತೆಗೆಯುತ್ತಿದ್ದಳು.

“ಅತ್ತಿ, ಮನ್ಯಾಗ ಚಪ್ಪಲಿ ಹಾಕ್ಕೊಳ್ಳೋದು ನಿಮಗ ಎಷ್ಟು ಮುಖ್ಯ ಅನಸ್ತೈತಿ? ಸೊನ್ನಿಯಿಂದ ಹತ್ತರೊಳಗ ಒಂದು ನಂಬರ ಹೇಳ್ರಿ.”

“ಸಂತ್ಯಾಗ ಬದನಿಕಾಯಿ ಕೇಳಿದಂಗ ಕೇಳ್ತಿಯಲ್ಲ. ನಾಕು.”

“ನಾಕು. ಎರಡು ಅನ್ನಲಿಲ್ಲ, ನಾಕು ಅಂದ್ರಿ. ಯಾಕ್ರಿ?”

“ಹಂಗಾರ ಎರಡು ಮಾಡ್ಕೋ.”

ಪದ್ಧತಿಯ ಪುಸ್ತಕದಲ್ಲಿ ಈ ಉತ್ತರ ಇರಲಿಲ್ಲ. ಪ್ರಭುದೇವ ಪೇಪರಿನ ಹಿಂದೆ ನಕ್ಕ.

“ಒಮ್ಮೆ ಜಬರಿಸಿ ಹೇಳಿಬಿಡು, ಮುಗೀತು,” ಎಂದ.

“ಜಬರಿಸಿದ್ರ ಯಾರೂ ಕೇಳಂಗಿಲ್ಲ. ಅದು ಸಂಶೋಧನ್ಯಾಗ ಸಿದ್ಧ ಆಗೇತಿ.”

“ಮತ್ತ ಹಿಂಗ ಕೇಳಿದ್ರ ಕೇಳ್ತಾರಂತೇನು?”

“ಸ್ವಲ್ಪ,” ಎಂದಳು ದಾಕ್ಷಾಯಿಣಿ. ಅದೂ ಸಂಶೋಧನೆಯಲ್ಲಿ ಸಿದ್ಧವಾಗಿತ್ತು.

ಕೊನೆಗೆ ಒಪ್ಪಂದವಾಯಿತು. ಹಾಲ್‌ನಲ್ಲಿ ಮತ್ತು ಮಲಗುವ ಕೋಣೆಯಲ್ಲಿ ಚಪ್ಪಲಿ. ಅಡುಗೆಮನೆಗೂ ದೇವರ ಕೋಣೆಗೂ ಬರಿಗಾಲು. ಸಣ್ಣ ಗುರಿ, ಮೊದಲ ಗೆಲುವು ಎಂದು ದಾಕ್ಷಾಯಿಣಿ ಸಮಾಧಾನಪಟ್ಟಳು. ಹಾಲ್‌ನಲ್ಲಿ ಬಸವಣ್ಣೆಮ್ಮ ಕೂರುತ್ತಿದ್ದದ್ದು ಧಾರಾವಾಹಿಯ ಹೊತ್ತಿಗೆ ಮಾತ್ರ, ಅದೂ ಕಾಲು ಮೇಲೆತ್ತಿಕೊಂಡು. ಉಳಿದ ಹಗಲೆಲ್ಲ ಆಕೆ ಇರುತ್ತಿದ್ದದ್ದು ಅಡುಗೆಮನೆಯಲ್ಲಿ.

ಹೆಜ್ಜೆಯ ಕನ್ನಡ ದನಿ ಬಸವಣ್ಣೆಮ್ಮನದೇ ಆದದ್ದು ಆ ದಿನಗಳಲ್ಲೇ. ಚೆನ್ನೈಯ ಕನ್ನಡದ ರೋಗಿಗಳಿಗೆಂದು ಸಂಸ್ಥೆ ಮೊದಲು ಒಬ್ಬ ವೃತ್ತಿಪರಳಿಂದ ಧ್ವನಿಮುದ್ರಣ ಮಾಡಿಸಿತ್ತು. ಅದನ್ನು ಕೇಳಿದ ಒಬ್ಬರು ರೈಲು ಯಾವ ಪ್ಲಾಟ್‌ಫಾರ್ಮ್ ಎಂದು ಕೇಳಿದ್ದರು. ಹಾಗಾಗಿ ದಾಕ್ಷಾಯಿಣಿ ಅತ್ತೆಯ ಮುಂದೆ ಫೋನ್ ಹಿಡಿದಳು.

“ಮನ್ಯಾಗ ಅದೀರಂತ ಚಪ್ಪಲಿ ಬಿಡಬ್ಯಾಡ್ರಿ,” ಎಂದಳು ಬಸವಣ್ಣೆಮ್ಮ, ಅಡುಗೆಮನೆಯ ತಣ್ಣನೆಯ ಟೈಲ್ಸಿನ ಮೇಲೆ ಬರಿಗಾಲಲ್ಲಿ ನಿಂತು, ಯಾರೋ ಬೀಗರಿಗೆ ಬುದ್ಧಿ ಹೇಳುವ ಅಕ್ಕರೆಯಲ್ಲಿ. “ಪಾದ ತೋರಸ್ರಿ, ನಾಚಬ್ಯಾಡ್ರಿ.” ಆಮೇಲೆ ಹೊಗಳಿಕೆ: “ಭೇಷ್! ಭೇಷ್ ಮಾಡಿದ್ರಿ. ನಾಳೆ ಮತ್ತ ತೋರಸ್ರಿ.” ಹಿಂದೆ ಕುಕ್ಕರ್ ಕೂಗಿದ್ದನ್ನೂ ಹಾಗೇ ಇಟ್ಟುಕೊಂಡರು. ಮನೆಯ ವಾತಾವರಣ ಬರುತ್ತದೆ ಎಂದು ಸಭೆಯಲ್ಲಿ ತೀರ್ಮಾನವಾಯಿತು.

ಆ್ಯಪ್ ಬರೆದವನು ಪ್ರಮೋದ್, ಮೈಸೂರಿನ ಹುಡುಗ. ಮೊದಲು ಅದು ದಿನಕ್ಕೆ ಎರಡು ಫೋಟೊ ಕೇಳುತ್ತಿತ್ತು, ಕಾಲಿಗೊಂದರಂತೆ.

“ಎರಡು ಕೇಳಿದ್ರೆ ಜನ ಮಧ್ಯದಲ್ಲೇ ಬಿಟ್ಟೋಗ್ತಾರೆ ಮೇಡಂ. ವಯಸ್ಸಾದವ್ರು ಒಂದು ಕಾಲೆತ್ತೋದೇ ಕಷ್ಟ.”

“ಹಾಗಾದ್ರೆ ಒಂದು ಬಂದ್ರೂ ನಕ್ಷತ್ರ ಕೊಡು. ಎರಡನೇದು ಅವರಿಷ್ಟ. ಮೊದಲು ಅಭ್ಯಾಸ ಆಗಲಿ,” ಎಂದಿದ್ದಳು ದಾಕ್ಷಾಯಿಣಿ.

ಅಂದಿನಿಂದ ಫೋಟೊ ಕಳಿಸುವವರ ಲೆಕ್ಕದ ನಕ್ಷೆಯಲ್ಲಿ ಗೆರೆ ಮೇಲಕ್ಕೆ ಹೋದದ್ದು ಇಳಿಯಲಿಲ್ಲ. ದೆಹಲಿಯ ಸಮ್ಮೇಳನದಲ್ಲಿ ತೋರಿಸಲು ಅದಕ್ಕೆ ಬಣ್ಣವನ್ನೂ ಹಾಕಿದರು.

ಮನೆಯವರನ್ನು ಅಧ್ಯಯನಕ್ಕೆ ಸೇರಿಸುವಂತಿರಲಿಲ್ಲ. ಆದರೂ ಪರೀಕ್ಷೆಗೆಂದು ದಾಕ್ಷಾಯಿಣಿ ಅತ್ತೆಯ ಫೋನಿಗೆ ಹೆಜ್ಜೆಯನ್ನು ಹಾಕಿಕೊಟ್ಟಳು. ಫೋಟೊ ತೆಗೆಯುವ ಕೆಲಸ ಮಗಳು, ಒಂಬತ್ತನೇ ತರಗತಿಯ ಮೌನಳದು. ಅವಳಿಗೆ ಕನ್ನಡವೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಲ್ಲಿ ಬರುತ್ತಿತ್ತು, ಅಜ್ಜಿಯೂ ಅವಳಿಗೆ ‘ಪಾಟಿ’.

“ಪಾಟಿ, ಕಾಲ್ ಕಾಟ್ಟು.”

ಬಸವಣ್ಣೆಮ್ಮ ಕುರ್ಚಿಯಲ್ಲಿ ಕೂತು, ಸೀರೆಯ ನಿರಿಗೆ ತುಸು ಎತ್ತಿ, ಬಲಗಾಲನ್ನು ಮುಂದೆ ಮಾಡಿದಳು. ಹೊಸ್ತಿಲು ದಾಟುವಾಗ, ಬಂಡಿ ಹತ್ತುವಾಗ, ಹೊಸ ಸೊಸೆಯನ್ನು ಒಳಗೆ ಕರೆದುಕೊಳ್ಳುವಾಗ ಯಾವ ಕಾಲು ಮುಂದೆ ಬರಬೇಕೋ ಆ ಕಾಲನ್ನು. ಫೋನು ಕ್ಲಿಕ್ ಎಂದಿತು, ಹಸಿರು ನಕ್ಷತ್ರ ಅರಳಿತು.

“ಭೇಷ್! ಭೇಷ್ ಮಾಡಿದ್ರಿ. ನಾಳೆ ಮತ್ತ ತೋರಸ್ರಿ.”

ತನ್ನದೇ ದನಿ ತನ್ನನ್ನು ಹೊಗಳಿದ್ದಕ್ಕೆ ಬಸವಣ್ಣೆಮ್ಮ ಸೆರಗು ಬಾಯಿಗಿಟ್ಟು ನಕ್ಕಳು. “ಎಷ್ಟ ಚಂದ ಮಾತಾಡ್ತಾಳ ನೋಡ ಇಕಿ. ಯಾರ ಪೈಕಿ?”

“ಹಲಸಿದ್ದಪ್ಪನವರ ಪೈಕಿ,” ಎಂದ ಪ್ರಭುದೇವ, ಗೋಡೆಯ ಮೇಲಿದ್ದ ಅಪ್ಪನ ಫೋಟೊ ತೋರಿಸಿ.

ಅದಾದ ಮೇಲೆ ಯಾರೂ ನಗಲಿಲ್ಲ, ಅಭ್ಯಾಸವಾಯಿತು. ಧಾರಾವಾಹಿಗೆ ಮುಂಚೆ ಮೌನ ಬರುತ್ತಿದ್ದಳು, ಬಲಗಾಲು ಬರುತ್ತಿತ್ತು, ನಕ್ಷತ್ರ ಬರುತ್ತಿತ್ತು. ಸಂಸ್ಥೆಯ ನರ್ಸ್ ಫೋಟೊ ನೋಡಿ ‘ಸರಿ’ ಎಂದು ಗುರುತು ಹಾಕುತ್ತಿದ್ದಳು. ಆ ಪಾದ ನಿಜಕ್ಕೂ ಸರಿಯಾಗಿತ್ತು. ಸೊಸೆ ಅಳವಡಿಸಿದ ಪದ್ಧತಿಯಿಂದ ಅತ್ತೆಯ ಪಾದದ ಚಿಂತೆ ಮನೆಯಲ್ಲಿ ಯಾರಿಗೂ ಉಳಿಯಲಿಲ್ಲ.

ಅದು ಬ್ಯಾಡಗಿಯಿಂದ ಲಾರಿ ಬಂದ ವಾರ. ಮೆಣಸಿನಕಾಯಿ ಚೀಲಗಳ ಸಂದಿಯಲ್ಲಿ ಪ್ರಭುದೇವ ಯಾವಾಗಲೂ ಒಂದು ಚೀಲ ಜೋಳದ ಹಿಟ್ಟು ತರಿಸುತ್ತಿದ್ದ. ಬಸವಣ್ಣೆಮ್ಮ ಕಟ್ಟೆಯ ಮುಂದೆ ನಿಂತು ರೊಟ್ಟಿ ಬಡಿದಳು. ಎಲ್ಲರೂ ಮೇಜಿನ ಸುತ್ತ ಕೂತಿದ್ದರು. ಕೊನೆಯ ರೊಟ್ಟಿ ಬೆಂದ ಮೇಲೆ ಆಕೆ ಕಾದ ಕಬ್ಬಿಣದ ಹಂಚನ್ನು ಒಲೆಯಿಂದಿಳಿಸಿ ಕಾಲ ಬುಡದಲ್ಲಿ ಗೋಡೆಗೆ ಆನಿಸಿಟ್ಟಳು. ಬರಿಯ ಹಂಚು ಒಲೆಯ ಮೇಲಿರಬಾರದು. ಅದು ತಾಯಿಯಿಂದ ಕಲಿತದ್ದು. ಹಾಗೆಯೇ ನಿಂತು ಉಳ್ಳಾಗಡ್ಡಿ ಹೆಚ್ಚತೊಡಗಿದಳು.

ಮೌನ ಮೂಗು ಸುಕ್ಕು ಮಾಡಿದಳು. “ಏದೋ ಕರುಗುನ ವಾಸನೆ ವರುದು.”

“ಹೌದು, ಏನೋ ಹತ್ತಿದ ವಾಸನಿ,” ಎಂದ ಪ್ರಭುದೇವ. ತನ್ನ ರೊಟ್ಟಿಯನ್ನು ತಿರುವಿ ನೋಡಿದ. ಎಲ್ಲೂ ಕರಿ ಇರಲಿಲ್ಲ.

“ರೊಟ್ಟಿ ಹತ್ತಿಲ್ಲಪಾ. ನಾ ಎಂದಾದ್ರೂ ರೊಟ್ಟಿ ಹತ್ತಿಸೇನೇನು?” ಬಸವಣ್ಣೆಮ್ಮನೂ ವಾಸನೆ ಹಿಡಿದು ಅತ್ತಿತ್ತ ನೋಡಿದಳು. “ಕೆಳಗಿನ ಮನಿಯವ್ರದು ಇರಬೇಕು. ಅವರಿಗೆ ಒಲಿ ಮುಂದ ನಿಂದ್ರೋ ರೂಢಿನ ಇಲ್ಲ.”

ಕೆಳಗಿನ ಮನೆಯವರ ಬಗ್ಗೆ ಇನ್ನಷ್ಟು ಮಾತಾಡಿದರು. ದಾಕ್ಷಾಯಿಣಿ ಎದ್ದು ಕಿಟಕಿ ತೆರೆದಳು. ಎಣ್ಣೆಗಾಯಿ ಚೆನ್ನಾಗಿತ್ತು, ಎಲ್ಲರೂ ಇನ್ನೊಂದೊಂದು ರೊಟ್ಟಿ ಹಾಕಿಸಿಕೊಂಡರು.

ಎರಡು ವಾರದ ಮೇಲೆ ಮೌನಳ ಹುಟ್ಟುಹಬ್ಬ. ಬೆಳಿಗ್ಗೆ ತಲೆಗೆ ಎರೆದುಕೊಂಡು, ಹೊಸ ಚೂಡಿದಾರ ಹಾಕಿಕೊಂಡು, ದೇವರಿಗೆ ಕೈ ಮುಗಿದು, ಅಜ್ಜಿಯ ಕಾಲಿಗೆ ಬಿದ್ದಳು. ಎರಡು ಕೈಯಿಂದ ಎರಡು ಕಾಲನ್ನೂ ಹಿಡಿದು ಬೀಳಬೇಕೆಂದು ಅಜ್ಜಿಯೇ ಕಲಿಸಿದ್ದಳು. ಬಸವಣ್ಣೆಮ್ಮ ಹಣೆಗೆ ವಿಭೂತಿ ಹಚ್ಚಲು ಕೈ ಚಾಚಿದಾಗ ಹುಡುಗಿ ಏಳಲಿಲ್ಲ. ತನ್ನ ಅಂಗೈ ನೋಡುತ್ತಿದ್ದಳು.

“ಪಾಟಿ, ಉನ್ ಕಾಲ್ ಈರಮಾ ಇರುಕ್ಕು.”

“ಒದ್ದಿ? ಈಗಷ್ಟ ಜಳಕ ಮಾಡೀನಿ, ಅದಕ್ಕ.”

ಅದು ನೀರಿನ ಒದ್ದೆಯಲ್ಲ. ದಾಕ್ಷಾಯಿಣಿ ನೆಲದ ಮೇಲೆ ಕೂತು ಅತ್ತೆಯ ಎಡಗಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಕಿರುಬೆರಳಿನ ಕೆಳಗಿಂದ ಪಾದದ ಹೊರ ಅಂಚಿನುದ್ದಕ್ಕೂ, ಅಂದಿನ ರೊಟ್ಟಿ ಹಂಚಿನ ದುಂಡನೆಯ ಬಾಗಿಗೆ ಸರಿಯಾಗಿ, ಚರ್ಮ ಕಪ್ಪಾಗಿ ಬಿರಿದಿತ್ತು. ಮೇಲೆ ಅರಿಶಿಣ ಮೆತ್ತಿತ್ತು.

“ಇದು ಯಾವಾಗ ಆಗಿದ್ದು ಅತ್ತಿ?”

“ಹಾಸಿಗಿಗೆ ಕಲೆ ಹತ್ತಿತ್ತು. ಬಾವಾಗೇತೇನೋ ಅಂತ ಅರಿಷಿಣ ಹಚ್ಚೀನಿ.”

“ನಮಗ್ಯಾಕ ಹೇಳಲಿಲ್ಲ?”

“ನೋವಿದ್ರ ಹೇಳಬೇಕು. ನೋವ ಇಲ್ಲಂದ್ರ ಏನಂತ ಹೇಳ್ಲಿ?”

ಮೌನಳ ಫೋನಿಗೆ ಗೆಳತಿಯರ ಶುಭಾಶಯಗಳು ಬರುತ್ತಲೇ ಇದ್ದವು. ಅವಳು ಕೈ ತೊಳೆಯಲು ಹೋದವಳು ಬಹಳ ಹೊತ್ತು ನಲ್ಲಿ ನಿಲ್ಲಿಸಲಿಲ್ಲ.

ಶಸ್ತ್ರಚಿಕಿತ್ಸೆಯ ಡಾಕ್ಟರು ಎಕ್ಸ್‌ರೇ ಹಿಡಿದು ತಮಿಳಲ್ಲಿ ವಿವರಿಸಿದರು. ಕೀವು ಎಲುಬಿಗೆ ಇಳಿದಿದೆ, ಕಿರುಬೆರಳು ಮತ್ತು ಪಕ್ಕದ ಬೆರಳು ತೆಗೆಯಬೇಕು, ತಡಮಾಡಿದರೆ ಪಾದದ ಮುಂಭಾಗವೇ.

“ಅಂದರೆ, ಬೆರಳು ತೆಗೆಯದೆ ಬೇರೆ ದಾರಿಯಿಲ್ಲ ಅಂತ ನಿಮಗೆ ಅನ್ನಿಸ್ತಿದೆ,” ಎಂದಳು ದಾಕ್ಷಾಯಿಣಿ, ತಮಿಳಲ್ಲೇ.

ಡಾಕ್ಟರು, ಅದನ್ನೇ ತಾನೇ ಹೇಳುತ್ತಿರುವುದು ಎಂಬಂತೆ ಅವಳನ್ನೊಮ್ಮೆ ನೋಡಿದರು. “ಆಮಾಂ ಮೇಡಂ. ಅದೈ ದಾನೇ ಸೊಲ್ರೇನ್.”

ಅವರು ಹೇಳಿದ್ದನ್ನೇ ಅವರಿಗೆ ತಿರುಗಿ ಹೇಳಿದ್ದೆಂದು ಅವಳಿಗೆ ತಿಳಿದದ್ದು ಲಿಫ್ಟಿನಲ್ಲಿ ಇಳಿಯುವಾಗ. ಅಳು ಬರಬಹುದೆಂದು ಕೆಳಗಿನ ಮಹಡಿಯ ತನಕ ಕಾದಳು. ಬರಲಿಲ್ಲ. ಔಷಧಿಯಂಗಡಿಯ ಮುಂದೆ ಸಾಲಿನಲ್ಲಿ ನಿಂತಳು.

ಆಪರೇಷನ್ ಮುಗಿದ ದಿನ ಮೂವರೂ ಮನೆಯಲ್ಲಿ ಹೋಟೆಲಿನ ಮೊಸರನ್ನದ ಪೊಟ್ಟಣ ಬಿಚ್ಚಿ ಕೂತರು.

“ಊರಮಂದಿ ಕಾಲೆಲ್ಲಾ ನೋಡಿದಿ,” ಎಂದ ಪ್ರಭುದೇವ. ದನಿ ಏರಿಸಲಿಲ್ಲ, ಸರಕು ಕೆಟ್ಟಿದೆ ಎಂದು ಫೋನಿನಲ್ಲಿ ಹೇಳುವಾಗಿನ ದನಿ. “ಮನ್ಯಾಗಿನ ಕಾಲು ನೋಡಲಿಲ್ಲ.”

“ನೀವು ನೋಡಿದ್ರೇನ್ರಿ?”

“ನಾ ಮೆಣಸಿನಕಾಯಿ ಮಾರಾಂವ.”

“ಅವರು ನಿಮ್ಮ ಅವ್ವ.”

“ಅದಕ್ಕ ಅಂದೆ, ಒಮ್ಮೆ ಜಬರಿಸಿ ಹೇಳು ಅಂತ.”

“ನೀವ ಜಬರಿಸಬೇಕಾಗಿತ್ತು. ಅಡಗಿಮನ್ಯಾಗ ಚಪ್ಪಲಿ ಬ್ಯಾಡ ಅಂತ ಅರ್ಧಕ್ಕ ಸೌದಾ ಮಾಡಿದವ್ರು ಯಾರು?”

“ಸೌದಾ ನಂದು. ಅದನ್ನ ಗೆಲುವು ಅಂದಾಕಿ ನೀ.”

“ಫೋಟೊ ನಾನ್ ದಾನೇ ಎಡುತ್ತೇನ್,” ಎಂದಳು ಮೌನ. ಇಬ್ಬರೂ ತಿರುಗಿದರು. “ದಿನಾ ನಾನೇ ತೆಗೆದೆ,” ಎಂದು ಮತ್ತೊಮ್ಮೆ ಹೇಳಿದಳು, ಈ ಸಲ ಕನ್ನಡದಲ್ಲಿ, ಅವರಿಗೆ ಅರ್ಥವಾಗಲಿಲ್ಲವೇನೋ ಎಂಬಂತೆ.

“ನಿಂದೇನೂ ತಪ್ಪಿಲ್ಲ,” ಎಂದಳು ದಾಕ್ಷಾಯಿಣಿ.

“ಹಾಗಾದ್ರೆ ಯಾರ್ದು?”

ಪ್ರಭುದೇವ ಉಪ್ಪಿನಕಾಯಿಯ ಪೊಟ್ಟಣವನ್ನು ಹಲ್ಲಿನಿಂದ ಹರಿದು ಮಗಳ ಎಲೆಗೆ ಹಾಕಿದ. ಮೂವರೂ ಊಟ ಮುಗಿಸಿದರು, ಏನನ್ನೂ ಚೆಲ್ಲಲಿಲ್ಲ.

ಮರುದಿನ ದಾಕ್ಷಾಯಿಣಿ ಸಂಸ್ಥೆಗೆ ಹೋಗಿ, ಬಂದ ಫೋಟೊಗಳನ್ನೆಲ್ಲ ದೊಡ್ಡ ಪರದೆಯ ಮೇಲೆ ಹಾಕು ಎಂದು ಪ್ರಮೋದನಿಗೆ ಹೇಳಿದಳು. ಸಾಲು ಸಾಲು ಅಂಗಾಲುಗಳು. ಒಡೆದ ಹಿಮ್ಮಡಿಗಳು, ಮದರಂಗಿಯ ಬೆರಳುಗಳು, ಕಾಲುಂಗುರ, ಹಿಂದೆ ಯಾರದೋ ಟೀವಿ, ಯಾರದೋ ಬೆಕ್ಕು. ಹೆಬ್ಬೆರಳು ಯಾವ ಬದಿಗಿದೆ ಎಂಬುದನ್ನಷ್ಟೇ ಅವಳು ನೋಡುತ್ತ ಹೋದಳು.

ಪ್ರಮೋದನಿಗೂ ಸ್ವಲ್ಪ ಹೊತ್ತಿನಲ್ಲಿ ಗೊತ್ತಾಯಿತು. “ಬಲಗಾಲು ಮೇಡಂ. ಎಲ್ಲಾ ಬಲಗಾಲೇ.”

“ಎಡಗಾಲು ತೋರಿಸಿದವರು ಯಾರೂ ಇಲ್ವಾ?”

ಅವನು ಹುಡುಕಿದ. “ಒಬ್ರು ಇದಾರೆ ಮೇಡಂ. ಪೆರಂಬೂರಿನವ್ರು. ದಿನಾ ಎಡಗಾಲೇ ಕಳಿಸ್ತಾರೆ.”

“ಯಾಕಂತೆ?”

ಪ್ರಮೋದ್ ಅವರ ವಿವರ ತೆರೆದು ಓದಿದ.

“ಅವ್ರಿಗೆ ಬಲಗಾಲು ಇಲ್ಲ ಮೇಡಂ.”

ಹೊರಗೆ ಯಾರೋ ಬಂದು ಸಮ್ಮೇಳನದ ಟಿಕೆಟ್ ಬಗ್ಗೆ ಕೇಳಿದರು. ದಾಕ್ಷಾಯಿಣಿ ತಾನು ಹೋಗುವುದಿಲ್ಲ, ನಕ್ಷೆಯೂ ಹೋಗುವುದಿಲ್ಲ ಎಂದಳು. ಆಮೇಲೆ ಕೂತು ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಹೇಗಿದ್ದೀರಿ ಎಂದು ಕೇಳಲಿಲ್ಲ, ಹತ್ತಕ್ಕೆ ಎಷ್ಟು ಎಂದೂ ಕೇಳಲಿಲ್ಲ. “ನಾಳೆ ಬನ್ನಿ. ಎರಡೂ ಕಾಲು ತೋರಿಸಬೇಕು,” ಎಂದಳು. ಹೆಚ್ಚಿನವರು ಆಗಲಿ ಎಂದು ಬಂದರು. ಬೆಂಚಿನ ಮೇಲೆ ಸಾಲಾಗಿ ಕೂತು, ನರ್ಸ್ ಹತ್ತಿರ ಬಂದೊಡನೆ ಬಲಗಾಲು ಮುಂದೆ ಮಾಡಿದರು. “ಇನ್ನೊಂದು,” ಎಂದಳು ನರ್ಸ್, ಸಂಜೆಯವರೆಗೂ. ಕೆಲವರ ಎಡಗಾಲಲ್ಲಿ ಏನೂ ಇರಲಿಲ್ಲ. ಕೆಲವರದರಲ್ಲಿ ಇತ್ತು.

ಬಸವಣ್ಣೆಮ್ಮ ಮನೆಗೆ ಬಂದಾಗ ಎಡಗಾಲಿಗೆ ದಪ್ಪ ಬ್ಯಾಂಡೇಜು, ಅದರ ಮೇಲೆ ಪಟ್ಟಿಯ ದೊಡ್ಡ ಪಾದರಕ್ಷೆ. ಬಲಗಾಲಲ್ಲಿ ಪ್ರಭುದೇವ ತಂದ ಆ ಮೆತ್ತನೆಯ ಚಪ್ಪಲಿ. ಹೊಸ್ತಿಲ ಬಳಿ ಮಗನ ತೋಳು ಹಿಡಿದು ಒಂದು ಗಳಿಗೆ ನಿಂತಳು. ಬಲಗಾಲನ್ನು ಎತ್ತಬೇಕೆಂದರೆ ಎಡಗಾಲ ಮೇಲೆ ಭಾರ ಬೀಳುತ್ತದೆ, ಅದನ್ನು ಡಾಕ್ಟರು ಬೇಡವೆಂದಿದ್ದರು. ಪ್ರಭುದೇವ ಅವ್ವನನ್ನು ಎತ್ತಿಕೊಂಡೇ ಒಳಗೆ ಹೋದ. ಯಾವ ಕಾಲೂ ಮುಂದಾಗಲಿಲ್ಲ.

ಆಕೆ ಸೀದಾ ಅಡುಗೆಮನೆಗೆ ಕರೆದೊಯ್ಯಲು ಹೇಳಿದಳು. ಚಪ್ಪಲಿ ಸಮೇತ ಒಳಗಿನ ಕುರ್ಚಿಯಲ್ಲಿ ಕೂತಳು. ಇಷ್ಟು ವಾರ ಜಗಳವಾಡಿದ್ದು ಇದಕ್ಕೇ ಎಂಬುದು ಯಾರ ನೆನಪಿಗೂ ಬಾರದಂತೆ ಫ್ರಿಜ್ಜು ಗುಂಯ್ಯೆನ್ನುತ್ತಿತ್ತು.

“ಈಗ ಕೇಳವಾ ನಿನ್ನ ನಂಬರ,” ಎಂದಳು ಸೊಸೆಗೆ.

“ಬ್ಯಾಡ್ರಿ ಅತ್ತಿ.”

“ಹತ್ತು ಅಂತ ಬರಕೋ. ಎಲ್ಲಿಗರೆ ಉಪಯೋಗಕ್ಕ ಬರ್ತೈತಿ.”

ಮುಂದಿನ ವಾರ ದಾಕ್ಷಾಯಿಣಿ ಮತ್ತೆ ಫೋನ್ ಹಿಡಿದು ಎದುರು ಕೂತಳು. ಹೆಜ್ಜೆಯ ಮಾತನ್ನು ಬದಲಾಯಿಸಬೇಕಾಗಿತ್ತು. ಬಸವಣ್ಣೆಮ್ಮ ಒಂದೇ ಉಸಿರಿಗೆ ಹೇಳಿದಳು: “ಎಡಗಾಲು ಮೊದಲ ತೋರಸ್ರಿ. ಆಮ್ಯಾಲ ಬಲಗಾಲು. ಎರಡೂ ತೋರಸೂತನಕ ಫೋನು ಬಿಡಬ್ಯಾಡ್ರಿ.” ಅಕ್ಕರೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಪ್ರಮೋದ್ ಅದನ್ನು ಹಾಗೇ ಹಾಕಿದ. ಕೊನೆಯ ಹೊಗಳಿಕೆಯನ್ನು ಬದಲಿಸುವುದು ಯಾರಿಗೂ ಹೊಳೆಯಲಿಲ್ಲ.

ಆ ಸಂಜೆ ದಾಕ್ಷಾಯಿಣಿ ರೊಟ್ಟಿ ಬಡಿಯುತ್ತಿದ್ದಳು. ಅಂಚು ಒಡೆಯುತ್ತಿತ್ತು, ಕುರ್ಚಿಯಿಂದ ಅತ್ತೆ, “ನೀರು ಕಾದಿಲ್ಲ, ಹಿಟ್ಟು ಜಿಗಟ ಬಂದಿಲ್ಲ,” ಎನ್ನುತ್ತಿದ್ದಳು. ಪ್ರಭುದೇವ ಉಳ್ಳಾಗಡ್ಡಿ ಹೆಚ್ಚುತ್ತಿದ್ದ, ಬಹಳ ದಪ್ಪಗೆ. ಮೌನ ಫೋನ್ ತೆಗೆದುಕೊಂಡು ಬಂದು ಅಜ್ಜಿಯ ಮುಂದೆ ನೆಲದ ಮೇಲೆ ಕೂತಳು.

ಬಸವಣ್ಣೆಮ್ಮನ ಬಲಗಾಲು ತಾನಾಗಿ ಮುಂದೆ ಬಂತು. ಆಕೆ ಅದನ್ನು ನೋಡಿದಳು, ಹಿಂದಕ್ಕೆ ಎಳೆದುಕೊಂಡಳು, ಬ್ಯಾಂಡೇಜಿನ ಕಾಲನ್ನು ಎರಡು ಕೈಯಿಂದ ಎತ್ತಿ ಮೊಮ್ಮಗಳ ಮುಂದೆ ಇಟ್ಟಳು. ಕ್ಲಿಕ್. ಆಮೇಲೆ ಇನ್ನೊಂದು. ಕ್ಲಿಕ್. ನಕ್ಷತ್ರ ಅರಳಿತು.

“ಭೇಷ್!” ಎಂದಿತು ಫೋನು. ಹಿಂದೆ ಕುಕ್ಕರ್ ಕೂಗಿತು. “ಭೇಷ್ ಮಾಡಿದ್ರಿ. ನಾಳೆ ಮತ್ತ ತೋರಸ್ರಿ.”

ಬಸವಣ್ಣೆಮ್ಮ ತಲೆ ಓರೆ ಮಾಡಿ ಪೂರ್ತಿ ಕೇಳಿದಳು, ಪರಿಚಯವಿಲ್ಲದವರ ಮಾತು ಕೇಳುವ ಹಾಗೆ.

“ಇಕಿಗೇನ ಗೊತ್ತೈತಿ,” ಎಂದಳು. ಆಮೇಲೆ ಮೂಗೆತ್ತಿ, “ದಾಕ್ಷಾ, ಏನೋ ಹತ್ತಿದ ವಾಸನಿ ನೋಡು.”

ಹಂಚಿನ ಮೇಲೆ ರೊಟ್ಟಿ ಕರಿಯಾಗುತ್ತಿತ್ತು. ಅದನ್ನು ಯಾರೂ ನೋಡಲಿಲ್ಲ. ಮೂವರೂ ಬಗ್ಗಿ ಕಾಲು ನೋಡುತ್ತಿದ್ದರು.